ಶ್ರವಣಕುಮಾರನ ಕಾವಡಿ, ಜನ್ನನ ದಾರಿ

ಕಳೆದ ಡಿಸೆಂಬರಿನಲ್ಲಿ ನಾನು ಮತ್ತು ಅಮ್ಮ ಒಂಬತ್ತು ದಿನ ಕಾರಿನಲ್ಲಿ ತಿರುಗಿ ಬಂದೆವು. ಕಡೂರಿನಿಂದ ಹೊರಟು ಹಂಪಿ, ಬಾದಾಮಿ, ವಿಜಯಪುರ, ಪಂಢರಪುರ. ವಾಪಸು ಬರುವಾಗ ಹುಬ್ಬಳ್ಳಿ, ಶಿವಮೊಗ್ಗ. ಅಮ್ಮನಿಗೆ 72, ನನಗೆ 46. ಮೂರನೇ ದಿನಕ್ಕೇ ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ನನಗೊಂದು ಬಿರುದು ಸಿಕ್ಕಿತು: ‘ನಮ್ಮ ಶ್ರವಣಕುಮಾರ’. ನಿಜ ಹೇಳಬೇಕೆಂದರೆ ಅದು ನನಗೆ ಹಿತವಾಗಿಯೇ ಇತ್ತು. ಆ ಹಿತ ಕೆಟ್ಟದ್ದು ಕೊನೆಯ ದಿನ, ತರೀಕೆರೆ ಮತ್ತು ಅಜ್ಜಂಪುರದ ನಡುವೆ. ಕೆಡಿಸಿದವರು ಇಬ್ಬರು: ಒಬ್ಬರು ಅಮ್ಮ, ಇನ್ನೊಬ್ಬ ಕವಿ ಜನ್ನ.

ಈ ಬಿರುದು ನಮಗೆ ಹೊಸದಲ್ಲ. ಮೈಸೂರಿನ ಕೃಷ್ಣಕುಮಾರ್ ಬೆಂಗಳೂರಿನ ಕೆಲಸ ಬಿಟ್ಟು, ತಂದೆ ಕೊಡಿಸಿದ್ದ ಹಳೆಯ ಬಜಾಜ್ ಚೇತಕ್ ಸ್ಕೂಟರಿನಲ್ಲಿ ತಾಯಿ ಚೂಡಾರತ್ನ ಅವರನ್ನು ಕೂರಿಸಿಕೊಂಡು 2018ರ ಜನವರಿಯಲ್ಲಿ ಹೊರಟಾಗಲೂ ಪತ್ರಿಕೆಗಳು ಕೊಟ್ಟದ್ದು ಇದೇ ಹೆಸರನ್ನು. ಅವರು 50,000 ಕಿಲೋಮೀಟರಿಗೂ ಹೆಚ್ಚು ದೂರ ಸುತ್ತಿದರು; ನೇಪಾಳ, ಭೂತಾನ್, ಮ್ಯಾನ್ಮಾರ್‌ಗಳನ್ನೂ ಕಂಡರು. ಕೂಡುಕುಟುಂಬದ ಅಡುಗೆಮನೆಯಲ್ಲೇ ಬದುಕು ಕಳೆದ ತಾಯಿ, ತಾನು ಹೊರಗಿನದೇನನ್ನೂ ನೋಡಿಲ್ಲ ಎಂದು ಹೇಳಿದ ಮಾತಿನಿಂದ ಈ ಪ್ರವಾಸ ಹುಟ್ಟಿತು. ಅಂದರೆ ಇದು ನೋಡಬೇಕೆಂಬ ಆಸೆಯ ಕಥೆ. ಅದಕ್ಕೆ ನಾವು ಅಂಟಿಸಿದ ಹೆಸರು ಮಾತ್ರ ಕಣ್ಣಿಲ್ಲದ ತಂದೆತಾಯಿಯರನ್ನು ಹೊತ್ತವನದು!

ವಾಲ್ಮೀಕಿಯಲ್ಲಿ ಆ ಹುಡುಗನಿಗೆ ‘ಶ್ರವಣ’ ಎಂಬ ಹೆಸರೂ ಇಲ್ಲ, ಹೆಗಲ ಮೇಲೆ ಕಾವಡಿಯೂ ಇಲ್ಲ. ಸರಯೂ ನದಿಗೆ ನೀರಿಗೆಂದು ಬಂದ ಮುನಿಕುಮಾರ ಅವನು. ಕೊಡ ತುಂಬುವ ಸದ್ದನ್ನು ಆನೆಯ ಸದ್ದೆಂದು ತಿಳಿದು ದಶರಥ ಶಬ್ದವೇಧಿ ಬಾಣ ಬಿಡುತ್ತಾನೆ. ಕಾವಡಿ, ತೀರ್ಥಯಾತ್ರೆಗಳೆಲ್ಲ ಜನಪ್ರಿಯ ಕಥನ ಆಮೇಲೆ ಸೇರಿಸಿಕೊಂಡದ್ದು. ಆ ಸೇರ್ಪಡೆಯಿಂದ ಒಂದು ಚಿತ್ರ ನಮ್ಮ ಮನಸ್ಸಿನಲ್ಲಿ ಗಟ್ಟಿಯಾಯಿತು: ಮಗ ಹೊರುವವನು, ಹೆತ್ತವರು ಹೊರೆ. ಆ ಬುಟ್ಟಿಯಲ್ಲಿ ಕೂತವರು ಏನು ಮಾತಾಡಿಕೊಂಡರು ಎಂದು ಯಾರೂ ಕೇಳುವುದಿಲ್ಲ.

ತರೀಕೆರೆಯಿಂದ ಹತ್ತು–ಹನ್ನೊಂದು ಕಿಲೋಮೀಟರ್ ದೂರದ ಅಮೃತಾಪುರಕ್ಕೆ ಕಾರು ತಿರುಗಿಸಿದ್ದು ನನ್ನ ಆಸೆಗೆ. ಎರಡನೇ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ದೇವಾಲಯ ಅದು. ತೆರೆದ ಮಂಟಪದ ಕಿರುಗೋಡೆಯ ಉದ್ದಕ್ಕೂ ರಾಮಾಯಣ, ಮಹಾಭಾರತ ಮತ್ತು ಕೃಷ್ಣಕಥೆಯ ಫಲಕಗಳಿವೆ. ಆದರೆ ನಾನು ನೋಡಲು ಹೋದದ್ದು ಅಲ್ಲಿಯ ಶಾಸನವನ್ನು. ಅದರ ಪದ್ಯಗಳು ಜನ್ನನವು. ‘ಯಶೋಧರ ಚರಿತೆ’ಯನ್ನು ಅವನು ಬರೆದದ್ದು ಅದಾದ ಮೇಲೆ, 1209ರಲ್ಲಿ.

ತರಗತಿಗಳಲ್ಲಿ ಆ ಕಾವ್ಯ ಎಂದರೆ ಅಮೃತಮತಿ ಮತ್ತು ಅಷ್ಟಾವಂಕ. ಚರ್ಚೆಯೆಲ್ಲ ಅಲ್ಲಿಗೇ ಮುಗಿಯುತ್ತದೆ. ಆದರೆ ಕಾವ್ಯದ ದ್ವಿತೀಯಾರ್ಧ ಬೇರೆಯೇ ಒಂದು ಕಥೆ: ತಾಯಿ ಚಂದ್ರಮತಿ ಮತ್ತು ಬೆಳೆದ ಮಗ ಯಶೋಧರ ಒಟ್ಟಿಗೆ ಮಾಡುವ ಬಹುದೀರ್ಘ ಪ್ರಯಾಣ. ಮಗನ ಕೆಟ್ಟ ಕನಸಿಗೆ ಶಾಂತಿಯಾಗಿ ಪ್ರಾಣಿಬಲಿ ಕೊಡು ಎನ್ನುತ್ತಾಳೆ ತಾಯಿ. ಮಗ ಒಪ್ಪುವುದಿಲ್ಲ. ಕೊನೆಗೆ ಇಬ್ಬರೂ ಒಂದು ರಾಜಿಗೆ ಬರುತ್ತಾರೆ: ಹಿಟ್ಟಿನ ಕೋಳಿ. ನಿಜವಾದ ಕೊಲೆಯಲ್ಲವಲ್ಲ! ಆ ಸಂಕಲ್ಪಹಿಂಸೆಯ ಫಲವಾಗಿ ಇಬ್ಬರೂ ಜನ್ಮದಿಂದ ಜನ್ಮಕ್ಕೆ ಅಲೆಯುತ್ತಾರೆ. ಅವನು ನವಿಲಾದರೆ ಅವಳು ನಾಯಿ. ಅವನು ಮುಳ್ಳುಹಂದಿಯಾದರೆ ಅವಳು ಹಾವು. ಒಬ್ಬರನ್ನೊಬ್ಬರು ಗುರುತಿಸದೆ ಕಚ್ಚುತ್ತಾರೆ, ಕೊಲ್ಲುತ್ತಾರೆ. ಆದರೂ ಪ್ರತಿ ಜನ್ಮದಲ್ಲೂ ಮತ್ತೆ ಎದುರಾಗುತ್ತಾರೆ.

ಕೊನೆಗೆ ಇಬ್ಬರೂ ಕೋಳಿಗಳಾಗಿ ಹುಟ್ಟಿ ಧರ್ಮೋಪದೇಶ ಕೇಳಿ ಸಂತೋಷದಿಂದ ಕೂಗಿದಾಗ, ಯಶೋಧರನ ಮಗ ಯಶೋಮತಿಯೇ ರಾಣಿಗೆ ತನ್ನ ಕೌಶಲ ತೋರಿಸಲು ಆ ಸದ್ದಿಗೆ ಬಾಣ ಬಿಡುತ್ತಾನೆ. ಮತ್ತದೇ ಶಬ್ದವೇಧಿ. ಎರಡೂ ಕಥೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಶ್ರವಣನ ಕಥೆಯಲ್ಲಿ ಬಾಣ ಮಗನನ್ನು ಕೊಂದು ಹೆತ್ತವರನ್ನು ನಿರ್ಗತಿಕರನ್ನಾಗಿ ಮಾಡುತ್ತದೆ. ಜನ್ನನಲ್ಲಿ ಬಾಣ ತಾಯಿ–ಮಗ ಇಬ್ಬರನ್ನೂ ಕೊಂದು, ಆ ರಾಣಿಯ ಬಸಿರಿನಲ್ಲೇ ಅವಳಿಗಳಾಗಿ ಅಕ್ಕಪಕ್ಕ ಮಲಗಿಸುತ್ತದೆ. ಇಲ್ಲಿ ಹೊರುವವರೂ ಇಲ್ಲ, ಹೊರೆಯೂ ಇಲ್ಲ. ತಪ್ಪು ಇಬ್ಬರದು, ದಾರಿಯೂ ಇಬ್ಬರದು. ಜನ್ನನ ಉದ್ದೇಶ ಅಹಿಂಸೆಯ ಬೋಧೆಯೇ ಹೊರತು ಕುಟುಂಬದ ವಿಶ್ಲೇಷಣೆಯಲ್ಲ ಎನ್ನುವುದು ಸರಿ. ಆದರೆ ಆ ಬೋಧೆಗೆ ಅವನ ಕಾವ್ಯ ಆರಿಸಿಕೊಂಡ ಜೋಡಿ ಗಂಡ–ಹೆಂಡತಿಯಲ್ಲ, ಗುರು–ಶಿಷ್ಯರಲ್ಲ, ತಾಯಿ–ಮಗ. ‘ನಿನ್ನ ಒಳ್ಳೆಯದಕ್ಕೇ’ ಎಂಬ ಮಾತು ಎಲ್ಲಕ್ಕಿಂತ ಸುಲಭವಾಗಿ ಒಪ್ಪಿಗೆಯಾಗುವುದು ಅಲ್ಲೇ ಅಲ್ಲವೇ?

ಇದನ್ನೆಲ್ಲ ನಾನು ಮಂಟಪದ ಜಗಲಿಯಲ್ಲಿ ಕೂತಿದ್ದ ಅಮ್ಮನಿಗೆ ಉತ್ಸಾಹದಿಂದ ವಿವರಿಸಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡು, “ಒಂಬತ್ತು ದಿನದಿಂದ ಎಲ್ಲಾ ತೋರಿಸ್ದೆ ಕಣಪ್ಪ. ನಾನೇನು ನೋಡ್ದೆ ಅಂತ ಒಂದ್ಸಲನೂ ಕೇಳ್ಲಿಲ್ಲ” ಎಂದರು. ಕೋಪವೇನೂ ಇರಲಿಲ್ಲ ಆ ಮಾತಿನಲ್ಲಿ.

ತರೀಕೆರೆಗೆ ಮರಳಿ ಅಜ್ಜಂಪುರದ ದಾರಿ ಹಿಡಿದೆವು. ಮಲೆನಾಡಿನ ಅಂಚಿನ ಅಡಿಕೆ ತೋಟಗಳು ಹಿಂದೆ ಬಿದ್ದು ಬಯಲು ತೆರೆದುಕೊಂಡಿತು. ಆಗ ಅಮ್ಮ, “ಅವಳನ್ನೂ ಕರ್ಕೊಂಡು ಹೋಗ್ಬೇಕಿತ್ತು” ಎಂದರು. ಅವಳು ಎಂದರೆ ಅಕ್ಕ, ಅಜ್ಜಂಪುರದಲ್ಲಿದ್ದಾಳೆ. ಪಿಯುಸಿಯಲ್ಲಿ ನನಗಿಂತ ಹೆಚ್ಚು ಅಂಕ ತೆಗೆದವಳು. ಇಬ್ಬರನ್ನೂ ಶಿವಮೊಗ್ಗದ ಹಾಸ್ಟೆಲಿನಲ್ಲಿಟ್ಟು ಓದಿಸುವ ಶಕ್ತಿ ಮನೆಗಿರಲಿಲ್ಲ. “ಅವಳು ಎರಡು ವರ್ಷ ಕಾಯಲಿ, ಆಮೇಲೆ ಓದಿದರಾಯ್ತು” ಎಂದದ್ದು ಅಮ್ಮ. ಏನೂ ಹೇಳದೆ ಪೆಟ್ಟಿಗೆ ಕಟ್ಟಿಕೊಂಡವನು ನಾನು. ಆ ಎರಡು ವರ್ಷದೊಳಗೆ ಅವಳ ಮದುವೆಯಾಯಿತು. ನಾವು ಯಾರನ್ನೂ ಬಲಿ ಕೊಡಲಿಲ್ಲ ಎಂದೇ ಮೂವತ್ತು ವರ್ಷ ನಂಬಿಕೊಂಡಿದ್ದೆವು. ಹಿಟ್ಟಿನ ಕೋಳಿಯ ಅರ್ಥ ನನಗೆ ತರಗತಿಯಲ್ಲಿ ಆಗದೆ ಸ್ಟೀರಿಂಗ್ ಹಿಡಿದಾಗ ಆಯಿತು.

ಶ್ರವಣಕುಮಾರನ ಕಥೆಯಲ್ಲಿ ಅಕ್ಕನಿಲ್ಲ. ಹೆತ್ತವರನ್ನು ದಿನವೂ ನೋಡಿಕೊಳ್ಳುವ ಹೆಣ್ಣುಮಕ್ಕಳಿಗೆ ನಮ್ಮ ಭಾಷೆಯಲ್ಲಿ ಅಂಥದೊಂದು ಬಿರುದೂ ಇಲ್ಲ. ಜನ್ನನೂ ಎಲ್ಲರನ್ನೂ ಜೊತೆಗೆ ಕರೆದುಕೊಂಡು ಹೋದವನಲ್ಲ. ತಾಯಿ–ಮಗನಿಗೆ ದಾರಿ ತೋರಿಸಿದ ಕಾವ್ಯ ಅಮೃತಮತಿಯನ್ನು ನರಕಕ್ಕೆ ಕಳಿಸಿ ಕೈತೊಳೆದುಕೊಳ್ಳುತ್ತದೆ. ಆದರೂ ಎರಡರಲ್ಲಿ ಒಂದನ್ನು ಆರಿಸಿಕೊ ಎಂದರೆ ನಾನು ಜನ್ನನನ್ನೇ ಆರಿಸಿಕೊಳ್ಳುತ್ತೇನೆ. ಕಾವಡಿಯ ಕಥೆ ಮಗನನ್ನು ಹೊಗಳಿ ನಿಲ್ಲುತ್ತದೆ. ಜನ್ನನ ಕಥೆ, ನೀವಿಬ್ಬರೂ ಸೇರಿ ಏನು ಮಾಡಿದಿರಿ ಎಂದು ಕೇಳುತ್ತದೆ.

ಅಜ್ಜಂಪುರ ತಲುಪಿದಾಗ ಮಧ್ಯಾಹ್ನ ಮೂರು ಗಂಟೆ. ಅಕ್ಕ ಗೇಟು ತೆಗೆದವಳು ಅಮ್ಮನ ಕೈ ಹಿಡಿದು ಇಳಿಸಿಕೊಳ್ಳುತ್ತಾ, “ಏನೇನು ನೋಡ್ದೆ, ಹೇಳು” ಎಂದಳು. ಅಮ್ಮ ಶುರು ಮಾಡಿದ್ದು ಬಾದಾಮಿಯ ಕೆರೆಯ ಮೆಟ್ಟಿಲಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರಿಂದ. ಅವರಲ್ಲೊಬ್ಬಳ ಜೊತೆ ಅಮ್ಮ ಅರ್ಧ ಗಂಟೆ ಮಾತಾಡಿದ್ದರಂತೆ. ನಾನಾಗ ಗುಹೆಗಳ ಫೋಟೊ ತೆಗೆಯುತ್ತಿದ್ದೆ. ಆ ದಿನ ಕಡೂರಿಗೆ ಹೋಗಲಿಲ್ಲ. ರಾತ್ರಿಯವರೆಗೂ ಅಮ್ಮ ಹೇಳುತ್ತಿದ್ದರು, ಅಕ್ಕ ಕೇಳುತ್ತಿದ್ದಳು. ನಾನು ಹೋಗಿ ಬಂದಿದ್ದ ಪ್ರವಾಸವನ್ನು ಅಂದು ಮೊದಲ ಸಲ ಕೇಳಿದೆ.