ಎದುರಾಳಿ ಬರೆದ ಚರಿತ್ರೆ

ಒಂದು ಪಂಥ ಕ್ಷೀಣಿಸಿ, ಅದರ ಗ್ರಂಥಗಳು ಬಹುಪಾಲು ಮರೆಯಾಗಿ, ಅದನ್ನು ಖಂಡಿಸಿದವರ ಗ್ರಂಥಗಳೇ ಉಳಿದರೆ, ಅದರ ಚರಿತ್ರೆಯನ್ನು ಬರೆಯುವುದು ಹೇಗೆ? ಇಸ್ಲಾಮಿನ ಮತತತ್ತ್ವವನ್ನು ಅಭ್ಯಸಿಸುವ ವಿದ್ವಾಂಸರಿಗೆ ಮುತಜಿಲಾ ಪಂಥ ಒಡ್ಡಿದ ಪ್ರಶ್ನೆ ಇದು. ಎಂಟನೆಯ ಶತಮಾನದಲ್ಲಿ ಬಸ್ರಾದಲ್ಲಿ ಹುಟ್ಟಿ ಬಾಗ್ದಾದಿಗೂ ಹಬ್ಬಿದ ಈ ಪಂಥದವರು ದೇವರ ಏಕತ್ವವನ್ನೂ ನ್ಯಾಯವನ್ನೂ ತರ್ಕದಿಂದ ಸಮರ್ಥಿಸಹೊರಟವರು. ಕುರಾನ್ ಅನಾದಿಯಲ್ಲ, ದೇವರ ಸೃಷ್ಟಿ ಎಂದವರು.

ಇವರನ್ನು ತಿಳಿಯಲು ಬಹುಕಾಲ ಮುಖ್ಯ ಆಧಾರವಾಗಿದ್ದವು ಪಂಗಡಗಳನ್ನು ಎಣಿಸುವ ಗ್ರಂಥಗಳು. ಸಮುದಾಯ 73 ಪಂಗಡಗಳಾಗಿ ಒಡೆಯುವುದು, ಒಂದಕ್ಕೆ ಮಾತ್ರ ಮುಕ್ತಿ ಎಂಬ ಪ್ರಸಿದ್ಧ ಹದೀಸೇ ಅವುಗಳಲ್ಲಿ ಹಲವಕ್ಕೆ ಚೌಕಟ್ಟು. 1037ರಲ್ಲಿ ತೀರಿಕೊಂಡ ಅಬ್ದುಲ್ ಕಾಹಿರ್ ಅಲ್-ಬಾಗ್ದಾದಿಯವರಲ್ಲಿ ಮೊತ್ತ ಮೊದಲೇ ನಿಶ್ಚಿತ. ಪಂಗಡಗಳು ಅದಕ್ಕೆ ಹೊಂದಿಕೊಳ್ಳಬೇಕು. ಒಬ್ಬೊಬ್ಬ ಪಂಡಿತನ ಹೆಸರಿನಲ್ಲಿಯೂ ಅಲ್ಲಿ ಒಂದೊಂದು ಪಂಗಡ! ಮುಂದಿನ ಶತಮಾನದ ಶಹ್ರಸ್ತಾನಿಯವರು ಹೆಚ್ಚು ಸಮಚಿತ್ತದವರು. ಪರಮತವನ್ನು ಬಯ್ಯದೆ ನಿರೂಪಿಸಬಲ್ಲರು. ಆದರೂ ಅವರದು ಹೊರಗಿನ ನೋಟವೇ. ನಮ್ಮ ಶಾಸ್ತ್ರಗ್ರಂಥಗಳ ಪೂರ್ವಪಕ್ಷವನ್ನು ಓದಿದವರಿಗೆ ಈ ತೊಡಕು ಅಪರಿಚಿತವಲ್ಲ. ಅಲ್ಲಿ ಎದುರಾಳಿ ಆಡುವುದು ಸಿದ್ಧಾಂತಿಗೆ ಬೇಕಾದಷ್ಟನ್ನೇ.

ಖಂಡಿಸಿದವರಷ್ಟೇ ಅಲ್ಲ, ಮೆಚ್ಚಿದವರೂ ಇವರನ್ನು ಮಸುಕುಗೊಳಿಸಿದರು. 1865ರಲ್ಲಿ ಹೈನ್ರಿಕ್ ಸ್ಟೈನರ್ ಇವರನ್ನು ಇಸ್ಲಾಮಿನ ಸ್ವತಂತ್ರ ವಿಚಾರಕರೆಂದು ಕರೆದರು. ಆದರೆ 833ರಲ್ಲಿ ಖಲೀಫ ಅಲ್-ಮಾಮೂನ್, ಕುರಾನ್ ಸೃಷ್ಟವೆಂದು ಒಪ್ಪುವಂತೆ ವಿದ್ವಾಂಸರನ್ನು ವಿಚಾರಣೆಗೆ ಗುರಿಮಾಡಿದನಷ್ಟೆ. ಆ ಬಲಾತ್ಕಾರದ ಬೆಂಬಲಿಗರಲ್ಲಿ ಮುತಜಿಲಿಗಳೂ ಇದ್ದರು. ಒಪ್ಪದ ಅಹಮದ್ ಇಬ್ನ್ ಹನ್‌ಬಲ್ ಅವರು ಸೆರೆಯನ್ನೂ, ಮುಂದಿನ ಖಲೀಫನ ಕಾಲದಲ್ಲಿ ಛಡಿಯೇಟನ್ನೂ ಅನುಭವಿಸಿದರು. ತರ್ಕಪ್ರಿಯರೆಲ್ಲ ಉದಾರಿಗಳೆಂದು ನಂಬುವುದು ನಮ್ಮ ಕಾಲದ ಆಸೆಯನ್ನು ಅವರ ತಲೆಗೆ ಕಟ್ಟಿದಂತೆ.

1951-52ರಲ್ಲಿ ಈಜಿಪ್ಟಿನ ವಿದ್ವಾಂಸರ ತಂಡವೊಂದು ಯೆಮನ್ನಿನಲ್ಲಿ, ಮುತಜಿಲಿ ಪಂಡಿತ ಕಾಜಿ ಅಬ್ದುಲ್ ಜಬ್ಬಾರರ ‘ಅಲ್-ಮುಗ್ನೀ’ಯ ಹಸ್ತಪ್ರತಿಗಳನ್ನು ಪತ್ತೆಮಾಡಿತು. 20 ಭಾಗಗಳ ಮಹಾಗ್ರಂಥದಲ್ಲಿ 14 ದೊರೆತವು. ಅವನ್ನು ಕಾಪಾಡಿದ್ದವರು ಅಲ್ಲಿನ ಜೈದಿ ಶಿಯಾಗಳು. ಅದರಲ್ಲಿ ಕಾಣುವವರು ದಾರಿತಪ್ಪಿದ ಪಾಷಂಡಿಗಳೂ ಅಲ್ಲ, ಸ್ವಚ್ಛಂದ ವಿಚಾರವಾದಿಗಳೂ ಅಲ್ಲ. ದೇವರು ಅನ್ಯಾಯ ಮಾಡನು, ಮನುಷ್ಯ ತನ್ನ ಕೃತಿಗೆ ತಾನೇ ಹೊಣೆ ಎಂಬುದನ್ನು ಆಕ್ಷೇಪಕ್ಕೆ ಆಕ್ಷೇಪ ಎತ್ತಿಕೊಂಡು ಸಾಧಿಸುವ ಧರ್ಮನಿಷ್ಠರು.

ಎಲ್ಲ ಪಂಥಕ್ಕೂ ಇಂಥ ಭಾಗ್ಯವಿಲ್ಲ. ಆದ್ದರಿಂದಲೇ ಯೋಸೆಫ್ ಫಾನ್ ಎಸ್ ಅವರ ಆರು ಸಂಪುಟಗಳ (1991-97) ಜರ್ಮನ್ ಗ್ರಂಥ ಬೆಲೆಯುಳ್ಳದ್ದು. ಹಿಜರಿ ಎರಡು, ಮೂರನೆಯ ಶತಮಾನಗಳ ಚದುರಿದ ಮಾತುಗಳನ್ನು ಅವರು ಊರು, ಆಳುಗಳ ಜಾಡಿನಲ್ಲಿ ಜೋಡಿಸಿದರು. ಎದುರಾಳಿಯ ಸಾಕ್ಷ್ಯವನ್ನು ತಳ್ಳಿಹಾಕದೆ, ತೂಗಿ ನೋಡಿ ಬಳಸಿದರು. ಸೋತವನ ಮಾತನ್ನು ಕೇಳುವುದೆಂದರೆ ಅವನ ಪಕ್ಷ ವಹಿಸುವುದಲ್ಲ. ತೀರ್ಪಿಗೆ ಮೊದಲು ಅವನು ಏನೆಂದನೆಂದು ವಿಚಾರಿಸುವುದು. ವಿದ್ವತ್ತಿನಿಂದ ನಾವು ಕೇಳಬಹುದಾದ ಕನಿಷ್ಠ ನ್ಯಾಯ ಅಷ್ಟೇ.