ವಕೀಲನ ಕುರ್ಚಿಯಲ್ಲಿ ಕೂತು ಬಾರ್ಟಲ್‌ಬಿಯನ್ನು ಓದಿದ್ದು

ನಲವತ್ತೊಂದನೇ ವಯಸ್ಸಿನಲ್ಲಿ ಇಂಗ್ಲಿಷ್ ಎಂ.ಎ.ಗೆ ಹೆಸರು ಹಚ್ಚಿದೆ. ಎಂ.ಟೆಕ್ ಮುಗಿಸಿ ಹದಿನೇಳು ವರ್ಷ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿದವನ ಹೈದರಾಬಾದಿನ ಫ್ಲಾಟಿಗೆ ಒಂದು ದಿನ ಮುಕ್ತ ವಿಶ್ವವಿದ್ಯಾಲಯದ ಪುಸ್ತಕಗಳ ಕಟ್ಟು ಬಂತು. "ಈ ವಯಸ್ಸಿನಾಗ ಯಾರಿಗೆ ಪಾಠ ಹೇಳಾಕ ಹೊಂಟೀರಿ?" ಎಂದು ಹೆಂಡತಿ ನಕ್ಕಳು.

ಕೇಳಿದವರಿಗೆಲ್ಲ ನಾನು ಕೊಡುತ್ತಿದ್ದ ಉತ್ತರ ಒಂದೇ. ಬಿ.ಎಂ.ಶ್ರೀ., ಗೋಕಾಕ, ಅಡಿಗ, ಲಂಕೇಶ್, ಅನಂತಮೂರ್ತಿ ಎಲ್ಲರೂ ಇಂಗ್ಲಿಷ್ ಮೇಷ್ಟ್ರುಗಳು. ಆಧುನಿಕ ಕನ್ನಡ ಸಾಹಿತ್ಯದ ಅರ್ಧ ಅಡುಗೆ ಇಂಗ್ಲಿಷ್ ವಿಭಾಗಗಳ ಒಲೆಯ ಮೇಲೆ ಆದದ್ದು. ಗದಗಿನಲ್ಲಿ ಇವರನ್ನೆಲ್ಲ ಓದಿ ಬೆಳೆದ ನನಗೆ ಆ ಒಲೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕಿತ್ತು.

ಚಾಸರ್‌ನಿಂದ ಶುರುವಾಗಿ ಅಮೆರಿಕದ ಕಾದಂಬರಿಗಳವರೆಗೆ ಓದಿದ್ದು ಬಹಳ. ಆದರೆ ಈ ಬರಹ ಒಂದೇ ಕತೆಯ ಬಗ್ಗೆ. ಹರ್ಮನ್ ಮೆಲ್ವಿಲ್‌ನ 'ಬಾರ್ಟಲ್‌ಬಿ, ದ ಸ್ಕ್ರಿವ್ನರ್'. ಅದರ ಮೇಲೆ ನಾನು ಬರೆದ ಅಸೈನ್‌ಮೆಂಟಿನ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ 'ವೆರಿ ಗುಡ್' ಎಂದು ಬಂದಿತ್ತು. ಆ ಅಸೈನ್‌ಮೆಂಟ್ ಕತೆಗೆ ಮಾಡಿದ ಮೋಸ ಎಂದು ಈಗ ಅನಿಸುತ್ತಿದೆ.

ಕತೆ ಹೊಸಬರಿಗಾಗಿ ಇಷ್ಟು. ನ್ಯೂಯಾರ್ಕಿನ ವಾಲ್ ಸ್ಟ್ರೀಟಿನಲ್ಲಿ ಅರವತ್ತರ ಆಸುಪಾಸಿನ ಒಬ್ಬ ವಕೀಲ. ಕೋರ್ಟಿನಲ್ಲಿ ವಾದ ಮಾಡುವವನಲ್ಲ. ಶ್ರೀಮಂತರ ಅಡಮಾನ ಪತ್ರ, ಆಸ್ತಿ ಪತ್ರಗಳನ್ನು ನೋಡಿಕೊಂಡು ಸುಖವಾಗಿರುವವನು. ಟೈಪ್‌ರೈಟರ್ ಇನ್ನೂ ಬಂದಿಲ್ಲದ ಕಾಲ. ದಾಖಲೆಗಳನ್ನು ಕೈಯಿಂದಲೇ ನಕಲು ಮಾಡಬೇಕು, ನೂರು ಪದಕ್ಕೆ ನಾಲ್ಕು ಸೆಂಟ್ ಕೂಲಿ. ಅವನ ಬಳಿ ಇಬ್ಬರು ನಕಲುಗಾರರು: ಒಬ್ಬ ಮಧ್ಯಾಹ್ನದವರೆಗೆ ನೆಟ್ಟಗಿರುತ್ತಾನೆ, ಇನ್ನೊಬ್ಬ ಮಧ್ಯಾಹ್ನದ ಮೇಲೆ ನೆಟ್ಟಗಾಗುತ್ತಾನೆ. ಜೊತೆಗೆ ಹನ್ನೆರಡು ವರ್ಷದ ಒಬ್ಬ ಹುಡುಗ. ಕೆಲಸ ಹೆಚ್ಚಾದಾಗ ಬಾರ್ಟಲ್‌ಬಿ ಎಂಬ ತೆಳ್ಳಗಿನ, ಬಿಳಿಚಿದ ಯುವಕ ಸೇರುತ್ತಾನೆ. ಮೊದಲು ಹಗಲು ರಾತ್ರಿ ಬರೆಯುತ್ತಾನೆ. ಮೂರನೆಯ ದಿನ, ಬರೆದ ನಕಲನ್ನು ತಾಳೆ ನೋಡಲು ಕರೆದಾಗ, ತೀರ ಮೆತ್ತಗೆ, ತೀರ ಮರ್ಯಾದೆಯಿಂದ, ಅದನ್ನು ಮಾಡದಿರಲು ಬಯಸುತ್ತಾನೆ. ಆಮೇಲೆ ಒಂದೊಂದೇ ಕೆಲಸಕ್ಕೆ ಅದೇ ಉತ್ತರ. ಕೊನೆಗೆ ನಕಲು ಮಾಡುವುದನ್ನೇ ಬಿಡುತ್ತಾನೆ, ಆದರೆ ಆಫೀಸು ಬಿಟ್ಟು ಹೋಗುವುದಿಲ್ಲ. ಅವನು ರಾತ್ರಿ ಅಲ್ಲೇ ಮಲಗುತ್ತಾನೆ ಎಂಬುದು ಒಂದು ಭಾನುವಾರ ವಕೀಲನಿಗೆ ತಿಳಿಯುತ್ತದೆ. ಅವನನ್ನು ಹೊರಹಾಕಲಾಗದೆ ವಕೀಲ ತನ್ನ ಆಫೀಸನ್ನೇ ಬೇರೆ ಕಟ್ಟಡಕ್ಕೆ ಸಾಗಿಸುತ್ತಾನೆ. ಹಿಂದೆ ಉಳಿದ ಬಾರ್ಟಲ್‌ಬಿಯನ್ನು ಅಲೆಮಾರಿಯೆಂದು ಜೈಲಿಗೆ ಹಾಕುತ್ತಾರೆ. ಅಲ್ಲಿ ಊಟ ಬಿಟ್ಟು, ಗೋಡೆಯ ಬುಡದಲ್ಲಿ ಮುದುಡಿ ಸಾಯುತ್ತಾನೆ.

ಇದು 1853ರ ನವೆಂಬರ್ ಮತ್ತು ಡಿಸೆಂಬರಿನಲ್ಲಿ 'ಪುಟ್ನಮ್ಸ್' ಮಾಸಪತ್ರಿಕೆಯಲ್ಲಿ ಲೇಖಕನ ಹೆಸರಿಲ್ಲದೆ ಎರಡು ಕಂತುಗಳಲ್ಲಿ ಬಂತು. ಎರಡು ವರ್ಷ ಹಿಂದೆ ಪ್ರಕಟವಾದ 'ಮೊಬಿ ಡಿಕ್' ಸೋತಿತ್ತು. ಮೆಲ್ವಿಲ್ ಕೊನೆಗೆ ನ್ಯೂಯಾರ್ಕಿನ ಸುಂಕದ ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ಇನ್‌ಸ್ಪೆಕ್ಟರಾಗಿ ದುಡಿದ. 1891ರಲ್ಲಿ ಸತ್ತಾಗ ಜನ ಅವನನ್ನು ಹೆಚ್ಚುಕಡಿಮೆ ಮರೆತಿದ್ದರು. ಅವನನ್ನು ಮತ್ತೆ ಮೇಲೆತ್ತಿದ್ದು 1920ರ ದಶಕದ ವಿಮರ್ಶಕರು. ಆಮೇಲೆ ವಿಶ್ವವಿದ್ಯಾಲಯಗಳು ಅವನನ್ನು ಪಠ್ಯದಲ್ಲಿ ನಿಲ್ಲಿಸಿದವು. ಭಾರತದಲ್ಲಿ ಅಮೆರಿಕನ್ ಸಾಹಿತ್ಯದ ಓದಿಗೆ ದೊಡ್ಡ ಆಸರೆಯಾದ ಅಮೆರಿಕನ್ ಸ್ಟಡೀಸ್ ರಿಸರ್ಚ್ ಸೆಂಟರ್ ಶುರುವಾದದ್ದು 1964ರಲ್ಲಿ, ಇದೇ ಹೈದರಾಬಾದಿನ ಉಸ್ಮಾನಿಯಾ ಆವರಣದಲ್ಲಿ. ಸುಂಕದ ಕಚೇರಿಯ ಒಬ್ಬ ನೌಕರ ಗಚ್ಚಿಬೌಲಿಯ ಒಬ್ಬ ಪ್ರಾಜೆಕ್ಟ್ ಮ್ಯಾನೇಜರನನ್ನು ತಲುಪಿದ್ದು ಇಂಥ ದಾರಿಗಳಿಂದ. ಹಾಗಾಗಿ ಸಿಲೆಬಸ್ಸನ್ನು ಸುಮ್ಮನೆ ಹಳಿಯಲಾರೆ.

ನನ್ನ ತಕರಾರು ಇರುವುದು ಆ ದಾರಿಯ ಕೊನೆಯ ಮೈಲಿಯಲ್ಲಿ. ಭಾನುವಾರದ ತರಗತಿಯಲ್ಲಿ, ಗೈಡುಗಳಲ್ಲಿ, ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಬಾರ್ಟಲ್‌ಬಿಗೆ ಸಿದ್ಧ ಉತ್ತರವಿದೆ. ಅವನು ಬಂಡವಾಳಶಾಹಿಯ ಬಲಿ, ಪರಕೀಯತೆಯ ಪ್ರತೀಕ, ಮೌನ ಪ್ರತಿಭಟನೆಯ ನಾಯಕ. ಥೋರೋನ ಅಸಹಕಾರದ ಪ್ರಬಂಧವನ್ನು ಪಕ್ಕಕ್ಕಿಟ್ಟರೆ ಉತ್ತರ ಇನ್ನೂ ಹೊಳೆಯುತ್ತದೆ, ಗಾಂಧಿಯವರನ್ನೂ ತಂದರೆ ಅಂಕ ಖಾತ್ರಿ. ನಾನೂ ಅದನ್ನೇ ಬರೆದೆ. ವಕೀಲನಿಗೆ 'ಆತ್ಮವಂಚಕ' ಎಂಬ ಬಿರುದು ಕೊಟ್ಟು ಮುಗಿಸಿದೆ.

ಅದನ್ನು ಬರೆಯುತ್ತಿದ್ದ ದಿನಗಳಲ್ಲೇ ನನ್ನ ಟೀಮಿನಲ್ಲಿ ಒಬ್ಬ ಹುಡುಗನಿದ್ದ. ವರಂಗಲ್ ಕಡೆಯವನು, ಟೆಸ್ಟಿಂಗಿನಲ್ಲಿ ಎಲ್ಲರಿಗಿಂತ ಚುರುಕು. ಮೊದಲು ಶನಿವಾರದ ರಿಲೀಸಿಗೆ ಬರಲಾಗುವುದಿಲ್ಲ ಎಂದ. ಆಮೇಲೆ ಬೆಳಗಿನ ಕಾಲ್‌ನಲ್ಲಿ ಮಾತಾಡುವುದು ಬಿಟ್ಟ. ಕ್ಯಾಮೆರಾ ಆರಿತು. ಒಂದು ದಿನ ಕೂರಿಸಿಕೊಂಡು ಏನಾಗಿದೆ ಎಂದು ಕೇಳಿದೆ. ಏನೂ ಆಗಿಲ್ಲ ಸಾರ್ ಎಂದ. ಜಗಳವಿಲ್ಲ, ದನಿ ಏರಿಸಲಿಲ್ಲ. ಎಚ್.ಆರ್. ಅರವತ್ತು ದಿನಗಳ ಸುಧಾರಣೆಯ ಫಾರಂ ಕಳಿಸಿದರು. ಪ್ರತಿ ಶುಕ್ರವಾರ ಅದರಲ್ಲಿ ನಾಲ್ಕು ಸಾಲು ತುಂಬಿದೆ: ಅವಕಾಶ ಕೊಡಲಾಗಿದೆ, ಮಾರ್ಗದರ್ಶನ ಮಾಡಲಾಗಿದೆ, ನಿರೀಕ್ಷಿತ ಬದಲಾವಣೆ ಕಂಡುಬಂದಿಲ್ಲ. ಅರವತ್ತೊಂದನೇ ದಿನ ಅವನು ಲ್ಯಾಪ್‌ಟಾಪ್ ಒಪ್ಪಿಸಿ ಹೋದ.

ಪರೀಕ್ಷೆಗೆಂದು ಕತೆಯನ್ನು ಮತ್ತೆ ತೆಗೆದಾಗ ಅದು ಬೇರೆಯೇ ಕತೆಯಾಗಿತ್ತು. ಇಡೀ ಕತೆಯನ್ನು ಹೇಳುತ್ತಿರುವವನು ವಕೀಲ. ನೌಕರ ಸತ್ತ ಮೇಲೆ ಮಾಲೀಕ ಬರೆದಿಟ್ಟ ಟಿಪ್ಪಣಿ ಅದು. ಯಾವಾಗ ಎಷ್ಟು ತಾಳ್ಮೆ ತೋರಿದೆ, ಬಾಕಿ ಸಂಬಳದ ಹನ್ನೆರಡು ಡಾಲರಿನ ಜೊತೆ ಇನ್ನೂ ಇಪ್ಪತ್ತು ಇಟ್ಟೆ, ಯಾವ ಯಾವ ಬೇರೆ ಕೆಲಸ ಸೂಚಿಸಿದೆ, ಎಲ್ಲದರ ಲೆಕ್ಕವಿದೆ. ಇವನೊಬ್ಬನನ್ನು ಸಹಿಸಿಕೊಂಡರೆ ಕಡಿಮೆ ಖರ್ಚಿನಲ್ಲಿ ತನ್ನ ಮನಸ್ಸಿಗೆ ಒಂದು ಸಿಹಿ ತುತ್ತು ಸಿಗುತ್ತದೆ ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ನನ್ನ ಶುಕ್ರವಾರದ ನಾಲ್ಕು ಸಾಲುಗಳ ಧಾಟಿ ಅಲ್ಲಿತ್ತು. ಒಂದೇ ವ್ಯತ್ಯಾಸ, ಅವನ ಇಂಗ್ಲಿಷ್ ನನ್ನದಕ್ಕಿಂತ ಚೆನ್ನಾಗಿದೆ.

ಕತೆಯ ಮೊದಲ ಪುಟಗಳಲ್ಲಿ ಒಂದು ಸಣ್ಣ ಗೊಣಗಾಟವಿದೆ, ಮೊದಲ ಓದಿನಲ್ಲಿ ದಾಟಿಬಿಟ್ಟಿದ್ದೆ. ವಕೀಲನಿಗೆ ಚಾನ್ಸರಿ ನ್ಯಾಯಾಲಯದ ಮಾಸ್ಟರ್ ಎಂಬ ಹುದ್ದೆ ಸಿಕ್ಕಿತ್ತು. ಕೆಲಸ ಕಡಿಮೆ, ಆದಾಯ ಚೆನ್ನಾಗಿದೆ. ಜೀವನಪೂರ್ತಿ ಇರುತ್ತದೆಂದು ನಂಬಿದ್ದ. ಹೊಸ ಸಂವಿಧಾನ ಬಂದು ಹುದ್ದೆಯೇ ರದ್ದಾಯಿತು. ನ್ಯೂಯಾರ್ಕ್ ರಾಜ್ಯದ 1846ರ ಸಂವಿಧಾನ ಚಾನ್ಸರಿ ನ್ಯಾಯಾಲಯವನ್ನು ನಿಜವಾಗಿಯೂ ರದ್ದು ಮಾಡಿತು. ಸಿಟ್ಟಾಗುವುದೇ ಅಪರೂಪ ಎನ್ನುವ ಈ ಮನುಷ್ಯ ಅದನ್ನು ನೆನೆದಾಗ ಸಿಟ್ಟಾಗುತ್ತಾನೆ. ಕತೆಯ ಕಟ್ಟಕಡೆಗೆ ಬಾರ್ಟಲ್‌ಬಿಯ ಬಗ್ಗೆ ಒಂದು ಗಾಳಿಸುದ್ದಿ ಬರುತ್ತದೆ: ಅವನು ಮೊದಲು ವಾಷಿಂಗ್ಟನ್ನಿನಲ್ಲಿ, ವಿಳಾಸ ಸಿಗದೆ ಉಳಿದ ಸತ್ತ ಕಾಗದಗಳ ಅಂಚೆ ವಿಭಾಗದಲ್ಲಿದ್ದನಂತೆ, ಸರ್ಕಾರ ಬದಲಾದಾಗ ಕೆಲಸ ಹೋಯಿತಂತೆ. ಸತ್ತ ಕಾಗದಗಳನ್ನು ನೆನೆದು ವಕೀಲನ ಎದೆ ಕರಗುತ್ತದೆ. ಆದರೆ ಮೇಲಿನವರ ಒಂದು ಆದೇಶಕ್ಕೆ ಹುದ್ದೆ ಕಳೆದುಕೊಂಡ ವಿಷಯದಲ್ಲಿ ತಾವಿಬ್ಬರೂ ಒಂದೇ ಎಂದು ಅವನಿಗೆ ಒಮ್ಮೆಯೂ ಹೊಳೆಯುವುದಿಲ್ಲ. ತನಗಾದರೆ ಅನ್ಯಾಯ, ಬಾರ್ಟಲ್‌ಬಿಗಾದರೆ ವಿಧಿ. ಕತೆಯ ಎರಡು ತುದಿಗಳಲ್ಲಿ ಈ ಎರಡು ಸಂಗತಿಗಳನ್ನಿಟ್ಟು ಮೆಲ್ವಿಲ್ ಸುಮ್ಮನಾಗಿದ್ದಾನೆ.

ಇದು ನನಗೆ ಕಂಡದ್ದು ಚಾನ್ಸರಿ ಎಂದರೇನು ಎಂದು ವಿಶ್ವವಿದ್ಯಾಲಯದ ಓದು ಹೇಳಿಕೊಟ್ಟದ್ದರಿಂದ. ಆ ಕಾಲದ ಕಾನೂನು, ಊರು, ವ್ಯಾಪಾರ ಎಲ್ಲವನ್ನೂ ಕಲಿಸುವ ಓದು ದೊಡ್ಡದು. ಅದನ್ನು ಒಂದು ಪುಟದ ಉತ್ತರಕ್ಕೆ ಇಳಿಸುವಾಗ ಬಾರ್ಟಲ್‌ಬಿಯ ಪಕ್ಕ ನಿಲ್ಲುವುದು ತೀರ ಅಗ್ಗವಾಗುತ್ತದೆ. ಕತೆ ನಮ್ಮನ್ನು ಕೂರಿಸುವುದು ವಕೀಲನ ಕುರ್ಚಿಯಲ್ಲಿ. ಸಿದ್ಧ ಉತ್ತರ ಅಲ್ಲಿಂದ ಎಬ್ಬಿಸಿ, ಅಂಕ ಕೊಟ್ಟು ಕಳಿಸುತ್ತದೆ. 2009ರಲ್ಲಿ ಕ್ಲೈಂಟ್ ಪ್ರಾಜೆಕ್ಟ್ ಮುಚ್ಚಿದಾಗ ನಾನು ನಾಲ್ಕು ತಿಂಗಳು ಬೆಂಚಿನ ಮೇಲಿದ್ದೆ. ಆ ಅನ್ಯಾಯದ ಕತೆಯನ್ನು ಪ್ರತಿ ಹೊಸ ಹುಡುಗನಿಗೂ ಹೇಳಿದ್ದೇನೆ, ವರಂಗಲ್ಲಿನವನಿಗೂ ಹೇಳಿದ್ದೆ. ಫಾರಂ ತುಂಬುವಾಗ ಅದು ನೆನಪಾಗಲಿಲ್ಲ.

ಬಾರ್ಟಲ್‌ಬಿಯ ಉತ್ತರವನ್ನು ಕನ್ನಡದಲ್ಲಿ ಹೇಗೆ ಹೇಳುವುದು ಎಂದು ಬಹಳ ಯೋಚಿಸಿದೆ. ನಮ್ಮ ಕಡೆ ಕೂಸು ತಾಟು ದೂಡಿ "ನಾ ಒಲ್ಲೆ" ಅನ್ನುತ್ತದೆ. 'ಒಲ್ಲೆ' ಒಲವಿನ ನಿಷೇಧ. ಬಯಕೆ ಮತ್ತು ನಿರಾಕರಣೆ ಒಂದೇ ಪದದಲ್ಲಿವೆ, ಇಂಗ್ಲಿಷಿಗೆ ಅದಕ್ಕೆ ಎರಡು ಮೂರು ಪದ ಬೇಕು. ಆದರೂ ಅದು ಇಲ್ಲಿ ಒಗ್ಗುವುದಿಲ್ಲ. 'ಒಲ್ಲೆ' ಎಂದರೆ ಎದುರಿನವರು "ಯಾಕ ಒಲ್ಲಿ?" ಎಂದು ಜಗಳಕ್ಕೆ ನಿಲ್ಲಬಹುದು, ಮುದ್ದು ಮಾಡಬಹುದು, ಅದು ಸಲಿಗೆಯ ಮಾತು. ಬಾರ್ಟಲ್‌ಬಿಯ ಮಾತಿನಲ್ಲಿ ಸಲಿಗೆಯೇ ಇಲ್ಲ. ಅದು ಆಫೀಸಿನ ಮರ್ಯಾದೆಯ ಭಾಷೆ, ವಕೀಲನದೇ ಭಾಷೆ. ಅದಕ್ಕೇ ಆ ಪದ ಉಳಿದ ನೌಕರರ ಬಾಯಿಗೂ ವಕೀಲನ ಬಾಯಿಗೂ ತಿಳಿಯದಂತೆ ಅಂಟಿಕೊಳ್ಳುತ್ತದೆ. "ಏನೂ ಆಗಿಲ್ಲ ಸಾರ್" ಎಂದ ಹುಡುಗ "ಒಲ್ಲೆ" ಎಂದು ಒಮ್ಮೆ ಜಗಳವಾಡಿದ್ದರೆ ನಾನು ಏನಾದರೂ ಕೇಳುತ್ತಿದ್ದೆನೇನೋ. ನಾವಿಬ್ಬರೂ ಫಾರಂನ ಭಾಷೆಯಲ್ಲೇ ಮಾತಾಡಿದೆವು.

ಹಾಗೆಂದು ವಕೀಲ ಖಳನಾಯಕ ಎಂಬ ಓದನ್ನು ನಾನೀಗ ಒಪ್ಪಲಾರೆ. ನೆಲೆಯಿಲ್ಲದ ಬಾರ್ಟಲ್‌ಬಿಯನ್ನು ಕೊನೆಗೆ ಅವನು ತನ್ನ ಮನೆಗೇ ಕರೆಯುತ್ತಾನೆ. ಯಾವ ಮ್ಯಾನೇಜರ್ ಹಾಗೆ ಕರೆದಾನು? ಅವನ ಕರುಣೆ ನಿಜ, ಅವನ ಲೆಕ್ಕವೂ ನಿಜ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದು ಕಷ್ಟ, ಆ ಕಷ್ಟವೇ ಈ ಕತೆ ಎಂದು ನನ್ನ ಈಗಿನ ತಿಳುವಳಿಕೆ.

ಹುಡುಗ ಹೋದ ಮೂರು ತಿಂಗಳಿಗೆ ಬೇರೊಂದು ಕಂಪನಿಯಿಂದ ಫೋನ್ ಬಂತು. ಅವನ ಬಗ್ಗೆ ವಿಚಾರಿಸಿದರು. "ನನ್ನ ಟೀಮಿನಲ್ಲಿದ್ದ. ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ" ಎಂದೆ. ಫೋನ್ ಇಟ್ಟ ಮೇಲೆ ನೆನಪಾಯಿತು. ಹಳೆಯ ಆಫೀಸಿಗೆ ಬಂದ ಹೊಸ ಬಾಡಿಗೆದಾರ ಬಾರ್ಟಲ್‌ಬಿ ಯಾರೆಂದು ಕೇಳಿದಾಗ ವಕೀಲನೂ ತನಗೂ ಅವನಿಗೂ ಸಂಬಂಧವಿಲ್ಲ, ತನಗೇನೂ ಗೊತ್ತಿಲ್ಲ ಎಂದೇ ಹೇಳುತ್ತಾನೆ. ಆ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ 'ಪಲಾಯನ' ಎಂದು ಬರೆದಿದ್ದೆ. ನನ್ನದೇ ಅಕ್ಷರ.

ಎಂ.ಎ. ಮುಗಿದಿದೆ, ಪ್ರಮಾಣಪತ್ರ ಬಂದಿದೆ. ಹುಡುಗನ ನಂಬರು ಇನ್ನೂ ಫೋನಿನಲ್ಲಿದೆ, ಇನ್ನೂ ಹಚ್ಚಿಲ್ಲ. ವಕೀಲ ಜೈಲಿನವರೆಗಾದರೂ ಹೋಗಿದ್ದ.