ಒಡೆಯನ ಪ್ರಣಯ, ಆಳಿನ ಪಾಡು

ಈ ವಾರ ಲೆಪೊರೆಲ್ಲೊ ಹಾಡುವ ಪಟ್ಟಿಯ ಬಗ್ಗೆ ಬರೆಯುವೆನೆಂದು ಮಾತು ಕೊಟ್ಟಿದ್ದೆ. 1787ರಲ್ಲಿ ಪ್ರಾಗ್‌ನಲ್ಲಿ ರಂಗಕ್ಕೆ ಬಂದ ಮೊಝಾರ್ಟನ ‘ಡಾನ್ ಜೊವಾನ್ನಿ’ ಒಪೆರಾದಲ್ಲಿ ಆಳು ಲೆಪೊರೆಲ್ಲೊ ತನ್ನ ಒಡೆಯನ ಹೆಣ್ಣುಗಳ ಲೆಕ್ಕ ಒಪ್ಪಿಸುತ್ತಾನೆ: ಇಟಲಿಯಲ್ಲಿ 640, ಜರ್ಮನಿಯಲ್ಲಿ 231, ಫ್ರಾನ್ಸಿನಲ್ಲಿ 100, ಟರ್ಕಿಯಲ್ಲಿ 91, ಸ್ಪೇನಿನಲ್ಲಿ 1003. ಎದುರಿಗೆ ನಿಂತು ಕೇಳುವವಳು ಆ ಒಡೆಯನೇ ಕೈಬಿಟ್ಟ ಎಲ್ವಿರಾ. ಒಡೆಯ ಆಗಲೇ ಜಾರಿಕೊಂಡಿದ್ದಾನೆ. ಅವಳ ಮುಖ ನೋಡಿ ಉತ್ತರ ಹೇಳುವ ಪಾಡು ಆಳಿನದು. ಪಟ್ಟಿ ಹಾಗಿರಲಿ, ನನಗೆ ಈ ಪಾಡೇ ಮುಖ್ಯ.

ನಮ್ಮ ಸಂಸ್ಕೃತ ನಾಟಕಗಳಲ್ಲಿ ಈ ಪಾಡು ವಿದೂಷಕನ ಪಾಲಿಗೆ ಬಂತು. ಇವನು ಸಂಬಳದ ಆಳಲ್ಲ, ರಾಜನ ಗೆಳೆಯ. ಆದರೂ ಕೆಲಸ ಅದೇ. ‘ಮಾಳವಿಕಾಗ್ನಿಮಿತ್ರ’ದ ಗೌತಮನನ್ನೇ ನೋಡಿ. ರಾಜ ಅಗ್ನಿಮಿತ್ರ ಮೆಚ್ಚಿದ, ನೆಲಮಾಳಿಗೆಯಲ್ಲಿ ಸೆರೆಯಾದ ಮಾಳವಿಕೆಯನ್ನು ಬಿಡಿಸಬೇಕು. ಹಾವು ಕಚ್ಚಿತೆಂದು ಒದ್ದಾಡಿ, ವಿಷ ಇಳಿಸುವ ನೆಪದಲ್ಲಿ ರಾಣಿ ಧಾರಿಣಿಯ ಸರ್ಪಮುದ್ರೆಯ ಉಂಗುರ ಪಡೆದು, ಅದನ್ನೇ ಕಾವಲಿನವಳಿಗೆ ತೋರಿಸಿ ಬಿಡಿಸಿಕೊಳ್ಳುತ್ತಾನೆ. ಪ್ರೇಮಿಗಳನ್ನು ಒಳಗೆ ಕಳಿಸಿ ಬಾಗಿಲಲ್ಲಿ ಕೂತವನಿಗೆ ಜೊಂಪು ಹತ್ತುತ್ತದೆ. ನಿದ್ದೆಗಣ್ಣಲ್ಲಿ ಮಾಳವಿಕೆಯ ಹೆಸರು ಬಡಬಡಿಸುತ್ತಾನೆ. ಕಿರಿಯ ರಾಣಿ ಇರಾವತಿಯ ದಾಸಿ ನಿಪುಣಿಕೆ ಹಾವಿನಂತೆ ಸೊಟ್ಟಗಿದ್ದ ಕೋಲೊಂದನ್ನು ಅವನ ಮೈಮೇಲೆ ಹಾಕುತ್ತಾಳೆ. ಇಲ್ಲದ ಹಾವಿನಿಂದ ಅರಮನೆಯನ್ನೇ ನಂಬಿಸಿದವನು ಕೋಲು ಕಂಡು ಕಿರುಚುತ್ತಾನೆ, ಗುಟ್ಟು ರಟ್ಟಾಗುತ್ತದೆ. ಇಷ್ಟು ಅಚ್ಚುಕಟ್ಟಾದ ಹಾಸ್ಯ ನಾನು ಬೇರೆಲ್ಲೂ ಕಂಡಿಲ್ಲ.

‘ರತ್ನಾವಳಿ’ಯಲ್ಲಂತೂ ವಿದೂಷಕ ವಸಂತಕನನ್ನು ಬಳ್ಳಿಯಿಂದ ಕಟ್ಟಿಸಿ ಎಳೆದೊಯ್ಯುತ್ತಾಳೆ ರಾಣಿ. ರಾಜ ಉದಯನನ ಮೈ ಮುಟ್ಟಿದವರಿಲ್ಲ. ಚಿಕ್ಕದೇವರಾಜ ಒಡೆಯರ ಆಸ್ಥಾನದ ಸಿಂಗರಾರ್ಯ ಈ ನಾಟಕವನ್ನೇ ‘ಮಿತ್ರವಿಂದಾ ಗೋವಿಂದ’ವಾಗಿ ಕನ್ನಡಕ್ಕೆ ತಂದ; ನಮಗೆ ದಕ್ಕಿರುವ ಮೊದಲ ಕನ್ನಡ ನಾಟಕ ಅದು. ಉದಯನನ ಜಾಗದಲ್ಲಿ ಸಾಕ್ಷಾತ್ ಕೃಷ್ಣ. ಅವನ ಮೇಲೆ ತಪ್ಪು ಹೊರಿಸಲು ಯಾವ ಪ್ರೇಕ್ಷಕನಿಗೆ ಮನಸ್ಸು ಬಂದೀತು?

ಹಾಸ್ಯ ಕತ್ತರಿಸಿದರೆ ನಾಟಕ ಚುರುಕಾಗುತ್ತದೆ ಎನ್ನುವ ನಿರ್ದೇಶಕರೊಂದಿಗೆ ನನ್ನ ಜಗಳ ಹಳೆಯದು. ಗೌತಮನನ್ನು ತೆಗೆದರೆ ಅಗ್ನಿಮಿತ್ರ ಚಿತ್ರಪಟ ನೋಡಿಕೊಂಡು ನಿಟ್ಟುಸಿರು ಬಿಡುತ್ತ ಕೂರಬೇಕು. ಇನ್ನೊಂದು ಪಂಗಡ ವಿದೂಷಕನ ಬಾಯಿಗೆ ದ್ವಂದ್ವಾರ್ಥ ತುರುಕುತ್ತದೆ. ಅದು ಇನ್ನೂ ದೊಡ್ಡ ಅನ್ಯಾಯ. ನಮ್ಮ ಚಿಕ್ಕಯ್ಯನಛತ್ರದ ಸುತ್ತಿನ ಹಳ್ಳಿಗಳಲ್ಲೂ ಪೌರಾಣಿಕ ನಾಟಕ ಕಲಿಯುವಾಗ ಕೃಷ್ಣ, ದುರ್ಯೋಧನರ ಪಾತ್ರಕ್ಕೆ ಹೆಚ್ಚು ದುಡ್ಡು ಕಟ್ಟಲು ಪೈಪೋಟಿ. ಹಾಸ್ಯದ ಪಾತ್ರ ಉಳಿದವರ ತಲೆಗೆ.

ಈ ನಾಟಕಗಳನ್ನು ಕಲಿಸುವ ಹಾರ್ಮೋನಿಯಂ ಮೇಷ್ಟ್ರುಗಳು ಫ್ರೆಂಚ್ ನಾಟಕಕಾರ ಮೋಲಿಯೇರನನ್ನು ನೆನೆಯಲಿ. ಅದೇ ಒಡೆಯನ ಕಥೆಯಾದ 1665ರ ‘ಡಾಮ್ ಜುವಾನ್’ ಬರೆದವನು ಅವನೇ, ತಂಡದ ಯಜಮಾನನೂ ಅವನೇ. ನಾಯಕನ ಪಾತ್ರವನ್ನು ಬೇರೆ ನಟನಿಗೆ ಬಿಟ್ಟುಕೊಟ್ಟು, ಒಡೆಯ ಬೆಂಕಿಗೆ ಬಿದ್ದ ಮೇಲೆ ‘ನನ್ನ ಸಂಬಳ’ ಎಂದು ಗೋಳಾಡುವ ಆಳು ಸ್ಗಾನರೆಲ್‌ನ ವೇಷವನ್ನು ತಾನು ಕಟ್ಟಿದ.